ತರಗತಿ ತಂಪಾಗಬೇಕು: ಮೊದಲು ಸುಣ್ಣವೋ, ಫ್ಯಾನೋ, ಕೂಲರೋ, ಎಸಿಯೋ?

ಶಾಲೆಗೆ ಏನಾದರೂ ಮಾಡಬೇಕು ಅಂತ ಹಳೆ ವಿದ್ಯಾರ್ಥಿಗಳು ಸೇರಿದ ಕಡೆ ಈಗೀಗ ಎರಡು ಹೆಸರು ಬೇಗ ಬರುತ್ತವೆ. ಒಂದು ಸ್ಮಾರ್ಟ್ ಬೋರ್ಡ್, ಇನ್ನೊಂದು ಎಸಿ. ಬೋರ್ಡಿನ ಮಾತು ಇಲ್ಲಿ ಬೇಡ. ಎಸಿಗೆ ಹಣ ಕೂಡಿಸುವ ಮುನ್ನ ಸ್ವಲ್ಪ ತಡೆಯಿರಿ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಎರಡು ಕೋಣೆಗೆ ಎಸಿ ಹಾಕಿಸುವ ಹಣದಲ್ಲಿ ಒಂದು ಸಣ್ಣ ಶಾಲೆಯ ಇಡೀ ತಾರಸಿಗೆ ಬಿಳಿ ಬಳಿಸಿ, ಕೆಟ್ಟ ಫ್ಯಾನುಗಳನ್ನೆಲ್ಲ ಬದಲಾಯಿಸಬಹುದು. ಯಾವುದು ಜಾಸ್ತಿ ಮಕ್ಕಳಿಗೆ ತಲುಪುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಆದರೆ ಎಲ್ಲ ಊರಿಗೂ ಒಂದೇ ಉತ್ತರ ಹೊಂದುವುದಿಲ್ಲ. ರಾಯಚೂರಿನಲ್ಲಿ ಚೆನ್ನಾಗಿ ನಡೆಯುವ ಕೂಲರ್ ಉಡುಪಿಯಲ್ಲಿ ದಂಡ. ಉಡುಪಿಯಲ್ಲಿ ಮಧ್ಯಾಹ್ನ ಕಿಟಕಿ ಪೂರ್ತಿ ತೆರೆಯಬೇಕು, ಕಲಬುರಗಿಯಲ್ಲಿ ಅದೇ ಹೊತ್ತಿಗೆ ಅರ್ಧ ಮುಚ್ಚಬೇಕು. ಹಾಗಾಗಿ ಮೊದಲು ನಿಮ್ಮ ಶಾಲೆಯ ಬಿಸಿ ಎಲ್ಲಿಂದ ಬರುತ್ತಿದೆ ಅಂತ ನೋಡಿ. ಆಯ್ಕೆ ಆಮೇಲೆ.

ಬಿಸಿ ಬರುವ ದಾರಿ

ಸೆಕೆ ಅಂದರೆ ಗಾಳಿಯ ಉಷ್ಣತೆ ಅಷ್ಟೇ ಅಂದುಕೊಂಡಿರುತ್ತೇವೆ. ಡೆನ್ಮಾರ್ಕಿನ ಪ್ರೊಫೆಸರ್ ಓಲೆ ಫ್ಯಾಂಗರ್ 1960–70ರ ದಶಕದಲ್ಲಿ ಇದನ್ನು ಆರು ಸಂಗತಿಗಳ ಲೆಕ್ಕವಾಗಿ ಹಾಕಿಕೊಟ್ಟರು: ಗಾಳಿಯ ಉಷ್ಣತೆ, ಸುತ್ತಲಿನ ಗೋಡೆ–ಚಾವಣಿಯಿಂದ ಹೊಮ್ಮುವ ಕಾವು, ಗಾಳಿಯಲ್ಲಿನ ತೇವ, ಗಾಳಿಯ ವೇಗ, ತೊಟ್ಟ ಬಟ್ಟೆ, ಮೈ ಮಾಡುತ್ತಿರುವ ಕೆಲಸ. ಗೋಡೆಗೆ ನೇತುಹಾಕಿದ ಥರ್ಮಾಮೀಟರ್ ಹೇಳುವುದು ಇದರಲ್ಲಿ ಒಂದನ್ನು ಮಾತ್ರ.

ನಮ್ಮ ಶಾಲೆಗಳಲ್ಲಿ ಹೆಚ್ಚು ಕಾಡುವುದು ಎರಡನೆಯದು, ಚಾವಣಿಯ ಕಾವು. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ನಟ್ಟ ನಡುಹಗಲು ಕಂಬದ ನೆರಳು ಕಾಲಡಿಗೇ ಬೀಳುತ್ತದೆ. ಅದನ್ನೇ ಶೂನ್ಯ ನೆರಳಿನ ದಿನ ಅನ್ನುತ್ತಾರೆ. ಕಲಬುರಗಿಗೆ ಆ ದಿನ ಬರುವುದು ಮೇ ಎರಡನೇ ವಾರದ ಹೊತ್ತಿಗೆ. ಸೂರ್ಯ ಹೀಗೆ ನೆತ್ತಿಯ ಮೇಲೆ ನಿಂತಾಗ ಬಿಸಿಲೆಲ್ಲ ಬೀಳುವುದು ಗೋಡೆಯ ಮೇಲಲ್ಲ, ತಾರಸಿಯ ಮೇಲೆ. ಪಾಚಿ ಕಟ್ಟಿ ಕಪ್ಪಾದ ಕಾಂಕ್ರೀಟ್ ತಾರಸಿ ಮಧ್ಯಾಹ್ನ 60 ಡಿಗ್ರಿ ಮುಟ್ಟುವುದು ಅಪರೂಪವೇನಲ್ಲ. ನಾಲ್ಕೈದು ಇಂಚು ದಪ್ಪದ ಸ್ಲ್ಯಾಬ್ ಆ ಬಿಸಿಯನ್ನು ಕುಡಿದು, ಎರಡು–ಮೂರು ಗಂಟೆ ತಡವಾಗಿ ಕೆಳಕ್ಕೆ ಬಿಡುತ್ತದೆ. ಅಂದರೆ ಹೊರಗೆ ಬಿಸಿಲು ಇಳಿಯತೊಡಗಿದ ಮೂರೂವರೆಗೆ, ಮಕ್ಕಳು ಕೊನೆಯ ಪೀರಿಯಡ್‌ನಲ್ಲಿ ತೂಕಡಿಸುವ ಹೊತ್ತಿಗೇ ಚಾವಣಿ ಅತಿ ಬಿಸಿ.

ಇನ್ನೊಂದು ಒಲೆ ಮಕ್ಕಳೇ. ಸುಮ್ಮನೆ ಕೂತ ದೊಡ್ಡವರ ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊರಬರುತ್ತದೆ. ಮಕ್ಕಳದ್ದು 60–70 ಅಂತಿಟ್ಟುಕೊಳ್ಳಿ. 40 ಮಕ್ಕಳಿದ್ದರೆ ಎರಡೂವರೆ ಕಿಲೋವ್ಯಾಟ್ ಆಯಿತು. ಗಾಳಿ ಆಡದ ಕೋಣೆಯಲ್ಲಿ ಇದು ಅಲ್ಲೇ ಸುತ್ತುತ್ತದೆ.

ಪತ್ತೆ ಮಾಡುವುದು ಸುಲಭ. ಎರಡು ಅಂತಸ್ತಿನ ಶಾಲೆಯಾದರೆ ಮಧ್ಯಾಹ್ನ ಮೂರಕ್ಕೆ ಕೆಳಗಿನ ಕೋಣೆಯಲ್ಲಿ ಹತ್ತು ನಿಮಿಷ ಕೂತು, ಅದರ ಮೇಲಿನ ಕೋಣೆಯಲ್ಲಿ ಹತ್ತು ನಿಮಿಷ ಕೂರಿ. ಕೆಳಗೆ ತಡೆಯಬಹುದು, ಮೇಲೆ ತಡೆಯಲಾಗದು ಅನಿಸಿದರೆ ತಪ್ಪು ತಾರಸಿಯದು. ಎರಡೂ ಕಡೆ ಒಂದೇ ಥರ ಉಸಿರು ಕಟ್ಟಿದರೆ ತಪ್ಪು ಗಾಳಿಯದು. ಒಂದೇ ಅಂತಸ್ತಿನ ಶಾಲೆಯಲ್ಲಿ ಇನ್‌ಫ್ರಾರೆಡ್ ಥರ್ಮಾಮೀಟರ್ ಗನ್ ಹಿಡಿದು ಚಾವಣಿಯ ಒಳಮೈ ನೋಡಿ. ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತದೆ. ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ನು ಬೇಡ, ಅದು ಜ್ವರ ಅಳೆಯಲು ಮಾಡಿದ್ದು. ಚಾವಣಿ 40 ದಾಟಿದ್ದರೆ ಮೊದಲು ಮೇಲೆ ಹತ್ತಿ, ಆಮೇಲೆ ಅಂಗಡಿಗೆ ಹೋಗಿ.

ಎಷ್ಟು ತಂಪು ಸಾಕು ಅನ್ನುವುದಕ್ಕೂ ಒಂದು ಅಂದಾಜು ಬೇಕು. ಎಲ್ಲರಿಗೂ 24 ಡಿಗ್ರಿಯೇ ಬೇಕು ಅನ್ನುವುದು ಎಸಿ ಕಟ್ಟಡದ ಲೆಕ್ಕ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದ ಸಂಶೋಧಕರು ಭಾರತದ ಕಟ್ಟಡಗಳಿಗಾಗಿಯೇ 2014ರಲ್ಲಿ ಬೇರೆ ಸೂತ್ರ ಕೊಟ್ಟರು. ಫ್ಯಾನು–ಕಿಟಕಿಯ ಕಟ್ಟಡವಾದರೆ ಹಿಂದಿನ 30 ದಿನಗಳ ಹೊರಗಿನ ಸರಾಸರಿ ಉಷ್ಣತೆಯನ್ನು 0.54ರಿಂದ ಗುಣಿಸಿ 12.83 ಕೂಡಿಸಿ. ಅದರ ಮೇಲೆ–ಕೆಳಗೆ ಸುಮಾರು 2.4 ಡಿಗ್ರಿಯವರೆಗೆ ಬಹುತೇಕರು ಒಗ್ಗಿಕೊಳ್ಳುತ್ತಾರೆ. ಹಗಲು–ರಾತ್ರಿ ಸೇರಿದ ಸರಾಸರಿ 33 ಇರುವ ಕಡೆ ಈ ಲೆಕ್ಕ 30.6 ಕೊಡುತ್ತದೆ, 33ರ ಹತ್ತಿರದವರೆಗೂ ನಡೆಯುತ್ತದೆ. ಸರಾಸರಿ 27 ಇರುವ ಕಡೆ 27.4. ಇದು ಆಫೀಸುಗಳಲ್ಲಿ ಕೂರುವ ದೊಡ್ಡವರನ್ನು ಕೇಳಿ ಮಾಡಿದ ಸೂತ್ರ. ಮಕ್ಕಳು ದೊಡ್ಡವರಿಗಿಂತ ಸ್ವಲ್ಪ ಹೆಚ್ಚೇ ತಂಪು ಬಯಸುತ್ತಾರೆ, ಆಟ ಮುಗಿಸಿ ಬಂದ ಮೈಯಾದರೆ ಇನ್ನೂ. ಆದ್ದರಿಂದ ಒಂದು ಡಿಗ್ರಿ ಇಳಿಸಿ ಇಟ್ಟುಕೊಳ್ಳಿ. ಹಾಗಿದ್ದರೂ ನಾವು ಹುಡುಕುತ್ತಿರುವುದು 24 ಅಲ್ಲ, 29–30ರಲ್ಲಿ ಚೆನ್ನಾಗಿ ಗಾಳಿ ಆಡುವ ಕೋಣೆ. ಇದು ಕೈಗೆಟುಕುವ ಗುರಿ.

ತಾರಸಿಗೆ ಏನು ಮಾಡಬಹುದು

ಮೊದಲು ನಿಮ್ಮದು ಯಾವ ಚಾವಣಿ ಅಂತ ನೋಡಿ. ಮಂಗಳೂರು ಹೆಂಚಿನದಾದರೆ ಅರ್ಧ ಕೆಲಸ ಹಿರಿಯರೇ ಮಾಡಿಟ್ಟಿದ್ದಾರೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ, ಮಲೆನಾಡಿನ ಎಷ್ಟೋ ಶಾಲೆಗಳಿಗೆ ಇದೇ ಹೊದಿಕೆ. ಎತ್ತರದ ಇಳಿಜಾರು, ಸಂದಿಯಿಂದ ಹೊರಹೋಗುವ ಬಿಸಿಗಾಳಿ, ಎರಡೂ ನಮಗೆ ಒಳ್ಳೆಯದೇ. ಇಂಥ ಕಟ್ಟಡ ಒಡೆದು ಆರ್‌ಸಿಸಿ ಹಾಕಿಸುವ ಉತ್ಸಾಹ ಕೆಲವು ಕಡೆ ಕಾಣುತ್ತದೆ. ಮರ ಹುಳ ಹಿಡಿದಿದ್ದರೆ ಸರಿ, ಇಲ್ಲದಿದ್ದರೆ ರೀಪು ಬದಲಿಸಿ ಹೆಂಚು ಹೊಂದಿಸುವುದೇ ಲೇಸು.

ಉತ್ತರ ಕರ್ನಾಟಕದ ಹಳೆ ಮಣ್ಣಿನ ಮಾಳಿಗೆಯೂ ಹಾಗೇ. ದಪ್ಪ ಮಣ್ಣು ಹಗಲಿನ ಬಿಸಿಲನ್ನು ಒಳಗೆ ಬಿಡಲು ಬಹಳ ತಡ ಮಾಡುತ್ತದೆ. ಈಗ ಅಂಥ ಶಾಲೆಗಳು ಉಳಿದಿರುವುದು ಕಡಿಮೆ.

ಹೆಚ್ಚಿನ ಶಾಲೆಗಳಲ್ಲಿ ಈಗ ಇರುವುದು ಆರ್‌ಸಿಸಿ. ಅದಕ್ಕೆ ಮೂರು ದಾರಿ ಇದೆ.

ಅತಿ ಅಗ್ಗದ್ದು ಸುಣ್ಣ. ತಾರಸಿ ತೊಳೆದು, ಬಿರುಕು ಮುಚ್ಚಿಸಿ, ಅಂಟು ಬೆರೆಸಿದ ಸುಣ್ಣವನ್ನು ಎರಡು ಕೋಟು ಬಳಿಯುವುದು. ಊರಿನ ನಾಲ್ಕು ಜನ ಸೇರಿದರೆ ಒಂದು ಭಾನುವಾರದ ಕೆಲಸ. ಹೊಸ ಬಿಳಿ ಮೈ ಬಿಸಿಲಿನ ಬಹುಪಾಲನ್ನು ವಾಪಸ್ ಕಳಿಸುತ್ತದೆ, ಸ್ಲ್ಯಾಬಿನ ಮೇಲ್ಮೈ 15–20 ಡಿಗ್ರಿ ಇಳಿಯುತ್ತದೆ. ಒಳಗೆ ಗಾಳಿ ಎರಡು–ಮೂರು ಡಿಗ್ರಿ ತಂಪಾಗಬಹುದು, ಚಾವಣಿಯ ಕಾವು ಅದಕ್ಕಿಂತ ಜಾಸ್ತಿ ಇಳಿಯುತ್ತದೆ. ತೊಂದರೆ ಒಂದೇ, ಜೋರು ಮಳೆಗೆ ಅರ್ಧ ಹೋಗುತ್ತದೆ. ಪ್ರತಿ ವರ್ಷ ಬಳಿಯಬೇಕು. ಬಯಲುಸೀಮೆಗೆ ಇದು ದೊಡ್ಡ ಕೊರತೆ ಅಂತ ನನಗೆ ಅನಿಸುವುದಿಲ್ಲ. ಬೇಸಿಗೆ ಬರುವ ಮುನ್ನ ಬಳಿದರೆ ಬೇಕಾದ ನಾಲ್ಕು ತಿಂಗಳು ಇರುತ್ತದೆ.

ಎರಡನೆಯದು ಬಿಸಿಲು ತಡೆಯುವ ಬಿಳಿ ಪೇಂಟ್. ಇದರಲ್ಲಿ ನೀರು ಸೋರದಂತೆ ತಡೆಯುವ ಗುಣವೂ ಇರುವ ಬಗೆ ಸಿಗುತ್ತದೆ. ಸುಣ್ಣಕ್ಕಿಂತ ಹಲವು ಪಟ್ಟು ದುಬಾರಿ, ಆದರೆ ಕೆಲವು ವರ್ಷ ಬಾಳುತ್ತದೆ. ಕೊಳ್ಳುವಾಗ ಬಣ್ಣದ ಹೆಸರಿಗಿಂತ ಎರಡು ಅಂಕಿ ಕೇಳಿ. ಬಿಸಿಲನ್ನು ಹಿಂದಕ್ಕೆ ಕಳಿಸುವ ಪ್ರಮಾಣ ಎಷ್ಟು, ಕಾವನ್ನು ಹೊರಹಾಕುವ ಪ್ರಮಾಣ ಎಷ್ಟು? ನಮ್ಮ ದೇಶದ ಇಂಧನ ಉಳಿತಾಯದ ಕಟ್ಟಡ ಸಂಹಿತೆ 2007ರಲ್ಲಿ ತಂಪು ತಾರಸಿಗೆ ಮೊದಲನೆಯದು 0.70, ಎರಡನೆಯದು 0.75 ಕ್ಕಿಂತ ಕಡಿಮೆ ಇರಬಾರದು ಅಂದಿತ್ತು. ಅಂಗಡಿಯವರು ಈ ಅಂಕಿ ತೋರಿಸದೆ "ಬಿಳಿ ಅಂದ್ರೆ ಬಿಳಿನೇ ಸಾರ್" ಅಂದರೆ ಸುಣ್ಣವೇ ವಾಸಿ. ಬೆಳ್ಳಿ ಬಣ್ಣದ ಅಲ್ಯೂಮಿನಿಯಂ ಪೇಂಟ್ ಬೇಡ. ಅದು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ ನಿಜ, ಆದರೆ ಹೀರಿದ ಕಾವನ್ನು ಬೇಗ ಬಿಡುವುದಿಲ್ಲ. ನೋಡಲು ಫಳಫಳ, ಮುಟ್ಟಿದರೆ ಸುಡುತ್ತದೆ.

ಮೂರನೆಯದು ಒಡೆದ ಬಿಳಿ ಟೈಲ್ಸ್ ಕೂರಿಸುವುದು, ಚೈನಾ ಮೊಸಾಯಿಕ್ ಅಂತ ಗಾರೆಯವರು ಹೇಳುವುದು ಇದನ್ನೇ. ಖರ್ಚು ಜಾಸ್ತಿ, ಭಾರವೂ ಜಾಸ್ತಿ. ಒಮ್ಮೆ ಹಾಕಿಸಿದರೆ ಹಲವು ವರ್ಷ ಚಿಂತೆ ಇಲ್ಲ. ಕಬ್ಬಿಣ ತುಕ್ಕು ಹಿಡಿದು ಕೆಳಗೆ ಸಿಮೆಂಟ್ ಉದುರುತ್ತಿರುವ ತಾರಸಿಯ ಮೇಲೆ ಮಾತ್ರ ಇದನ್ನು ಹಾಕಿಸಬೇಡಿ. ಅಂಥ ಕಡೆ ಮೊದಲು ಬರಬೇಕಾದವರು ಜಿಲ್ಲಾ ಪಂಚಾಯಿತಿಯ ಎಂಜಿನಿಯರ್.

ಪಕ್ಕದ ತೆಲಂಗಾಣ 2023ರಲ್ಲಿ ತಂಪು ತಾರಸಿಗೆಂದೇ ಒಂದು ನೀತಿ ತಂದಿತು. ಗಡಿ ದಾಟಿದ ಕೂಡಲೇ ಬಿಸಿಲೇನೂ ಬದಲಾಗುವುದಿಲ್ಲ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರಿನ ಶಾಲೆಗಳಿಗೆ ಇದು ಅಷ್ಟೇ ಹೊಂದುತ್ತದೆ.

ತಗಡು, ಸಿಮೆಂಟ್ ಶೀಟಿನ ಕೋಣೆಗಳ ಕಥೆ ಬೇರೆ. ಬೆಂಗಳೂರಿನ ಎಷ್ಟೋ ಸಣ್ಣ ಖಾಸಗಿ ಶಾಲೆಗಳ ಮೇಲಂತಸ್ತು ಶೀಟಿನದು. ಶೀಟಿಗೆ ದಪ್ಪ ಇಲ್ಲ, ಹಾಗಾಗಿ ಹತ್ತು ಗಂಟೆಗೇ ಕಾಯುತ್ತದೆ, ಸಂಜೆ ಬೇಗ ತಣಿಯುತ್ತದೆ. ಹೊರಗೆ ಬಿಳಿ ಬಳಿಯುವುದು ಇಲ್ಲೂ ಮೊದಲ ಕೆಲಸ. ಅದು ಸಾಲದಿದ್ದರೆ ಒಳಗೆ ಫಾಲ್ಸ್ ಸೀಲಿಂಗ್ ಹಾಕಿಸಿ, ನಡುವಿನ ಜಾಗದಿಂದ ಬಿಸಿಗಾಳಿ ಹೊರಹೋಗಲು ಎರಡೂ ತುದಿಯಲ್ಲಿ ಕಿಂಡಿ ಬಿಡಿಸಿ. ಹಲಗೆ ಬೆಂಕಿ ಹಿಡಿಯದ ಬಗೆಯದಾಗಿರಲಿ. ಅಗ್ಗ ಅಂತ ಥರ್ಮಾಕೋಲ್ ಹಾಕಿಸುವುದು ಬೇಡವೇ ಬೇಡ. ತಂಪಾಗಲಿ ಅಂತ ಶೀಟಿನ ಮೇಲೆ ತೆಂಗಿನ ಗರಿ, ಹುಲ್ಲು ಹೊದಿಸುವುದೂ ಬೇಡ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಹುಲ್ಲಿನ ಚಾವಣಿಗೆ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಮನೆಯ ಹಿತ್ತಲ ಚಪ್ಪರಕ್ಕೆ ಸರಿಹೋಗುವುದು ತರಗತಿಗೆ ಸರಿಹೋಗುವುದಿಲ್ಲ.

ನರ್ಸರಿಯವರು ಕಟ್ಟುವ ಹಸಿರು ಶೇಡ್ ನೆಟ್ಟನ್ನು ತಾರಸಿಯಿಂದ ಆಳೆತ್ತರಕ್ಕೆ ಕಟ್ಟಿದರೂ ನೆರಳಾಗುತ್ತದೆ. ಮೇ ತಿಂಗಳ ಮೊದಲ ಬಿರುಗಾಳಿಗೆ ಅದು ಎಲ್ಲಿ ಹೋಗಿ ಬೀಳುತ್ತದೋ ಹೇಳಲಾಗದು. ನೆರಳೇ ಬೇಕಿದ್ದರೆ ಸೋಲಾರ್ ಪ್ಯಾನೆಲ್ ಹಾಕಿಸುವ ದಾನಿಗಳನ್ನು ಹುಡುಕಿ. ಕರೆಂಟೂ ಬರುತ್ತದೆ, ಅದರಡಿಯ ತಾರಸಿಗೆ ಬಿಸಿಲೂ ತಪ್ಪುತ್ತದೆ.

ಫ್ಯಾನು: ಹಳೆಯದೇ ಸಾಕೇ, ಬಿಎಲ್‌ಡಿಸಿ ಬೇಕೇ?

ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಮೈಯನ್ನು ತಂಪು ಮಾಡುತ್ತದೆ. ಸೆಕೆಂಡಿಗೆ ಒಂದು ಮೀಟರ್ ವೇಗದ ಗಾಳಿ ಮೈಗೆ ತಗುಲಿದರೆ ಸುಮಾರು ಮೂರು ಡಿಗ್ರಿ ಕಡಿಮೆಯಾದಂತೆ ಅನಿಸುತ್ತದೆ. 32ರ ಕೋಣೆ 29ರಂತೆ. ಇಷ್ಟು ಅಗ್ಗದಲ್ಲಿ ಮೂರು ಡಿಗ್ರಿ ಬೇರೆ ಯಾವುದೂ ಕೊಡುವುದಿಲ್ಲ. ಆದರೆ ಗಾಳಿಯೇ 36–38 ಆದಾಗ, ಅಂದರೆ ಚರ್ಮಕ್ಕಿಂತ ಬಿಸಿಯಾದಾಗ, ಈ ಲಾಭ ಬಹಳ ಇಳಿಯುತ್ತದೆ. ಆಗ ಬೆವರು ಆರುವಷ್ಟು ಮಾತ್ರ ಉಪಯೋಗ, ಮಕ್ಕಳು ಸರಿಯಾಗಿ ನೀರು ಕುಡಿದಿದ್ದರೆ.

"ಫ್ಯಾನ್ ಹಾಕಿದ್ರೆ ಬಿಸಿ ಗಾಳಿನೇ ಬರುತ್ತೆ" ಅನ್ನುವ ದೂರು ಬಂದರೆ ಫ್ಯಾನನ್ನು ಬೈಯಬೇಡಿ. ಸ್ಲ್ಯಾಬಿಗೆ ತಾಗಿ ನಿಂತ ಬಿಸಿಗಾಳಿಯನ್ನು ಅದು ಕೆಳಕ್ಕೆ ತಳ್ಳುತ್ತಿದೆ ಅಷ್ಟೇ. ತಾರಸಿ ಸರಿಯಾದರೆ ದೂರು ತಾನೇ ನಿಲ್ಲುತ್ತದೆ.

20 ಅಡಿಗೆ 25 ಅಡಿಯ ತರಗತಿಗೆ ನಾಲ್ಕು ಫ್ಯಾನು ಬೇಕು. ಹೆಚ್ಚಿನ ಕಡೆ ಎರಡೇ ಇರುತ್ತವೆ, ಅದರಲ್ಲಿ ಒಂದು ಟೀಚರ್ ಮೇಜಿನ ಮೇಲೆ. ಫ್ಯಾನಿನ ಕೆಳಗಿನ ಬೆಂಚಿಗೆ ಜಗಳ ಆಗುತ್ತಿದ್ದರೆ ಸಂಖ್ಯೆ ಸಾಲದು ಅಂತಲೇ ಅರ್ಥ. ರೆಕ್ಕೆ ನೆಲದಿಂದ ಎಂಟು–ಒಂಬತ್ತು ಅಡಿ ಎತ್ತರದಲ್ಲಿರಲಿ, ಚಾವಣಿಯಿಂದ ಕನಿಷ್ಠ ಒಂದು ಅಡಿ ಕೆಳಗೆ. ಹೆಂಚಿನ ಎತ್ತರದ ಮಾಡಾದರೆ ಉದ್ದ ರಾಡ್ ಹಾಕಿಸಿ.

ಸಾಮಾನ್ಯ ಫ್ಯಾನು 70–80 ವ್ಯಾಟ್ ಎಳೆಯುತ್ತದೆ, ಕಡಿಮೆ ಕರೆಂಟಿನಲ್ಲಿ ಓಡುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ಬೆಲೆ ಸಾಮಾನ್ಯದ್ದಕ್ಕಿಂತ ಸಾವಿರ–ಸಾವಿರದೈನೂರು ಹೆಚ್ಚು. ಖಾಸಗಿ ಶಾಲೆಗೆ ಬಿಲ್ಲಿನಲ್ಲಿ ಎರಡು–ಮೂರು ವರ್ಷದೊಳಗೆ ಹಣ ವಾಪಸ್ಸು. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಕೊಡುವುದಾಗಿ 2023ರ ರಾಜ್ಯೋತ್ಸವದಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದ ಮೇಲೆ, ಅಲ್ಲಿ ಬಿಲ್ಲು ಉಳಿತಾಯ ದೊಡ್ಡ ಕಾರಣವಾಗಿ ಉಳಿದಿಲ್ಲ. ಆದರೂ ಹಳ್ಳಿ ಶಾಲೆಗೆ ನಾನು ಬಿಎಲ್‌ಡಿಸಿಯನ್ನೇ ಹೇಳುತ್ತೇನೆ. ಕಾರಣ ವೋಲ್ಟೇಜು. ಮಧ್ಯಾಹ್ನ ಪಂಪ್‌ಸೆಟ್ಟುಗಳು ಓಡುವಾಗ ವೋಲ್ಟೇಜ್ ಬಿದ್ದರೆ ಸಾಮಾನ್ಯ ಫ್ಯಾನು ಎಣಿಸುವಷ್ಟು ನಿಧಾನ ತಿರುಗುತ್ತದೆ. ಒಳ್ಳೆಯ ಬಿಎಲ್‌ಡಿಸಿ ಅದೇ ವೇಗದಲ್ಲಿ ತಿರುಗುತ್ತದೆ. ಇನ್ವರ್ಟರ್ ಮೇಲೂ ಎರಡರಷ್ಟು ಹೊತ್ತು ಬರುತ್ತದೆ. ಒಂದೇ ಎಚ್ಚರ: ರಿಮೋಟಿನಿಂದ ಮಾತ್ರ ನಡೆಯುವುದನ್ನು ತರಬೇಡಿ. ಶಾಲೆಯಲ್ಲಿ ರಿಮೋಟ್ ಎಷ್ಟು ದಿನ ಉಳಿದೀತು? ಗೋಡೆಯ ಸ್ವಿಚ್ಚಿನಿಂದಲೇ ವೇಗ ಬದಲಾಗುವ ಬಗೆ ಇದೆ, ಅದನ್ನೇ ಕೇಳಿ.

ಕಿಟಕಿ ತೆರೆಯುವ ಹೊತ್ತು

ಇದಕ್ಕೆ ದುಡ್ಡು ಬೇಡ, ಆದರೆ ಯಾರಾದರೂ ಜವಾಬ್ದಾರಿ ಹೊರಬೇಕು.

ಕರಾವಳಿಯಲ್ಲಿ ಹೊರಗಿನ ಗಾಳಿ 35 ದಾಟುವುದು ಕಡಿಮೆ, ತೇವ ಮಾತ್ರ ವಿಪರೀತ. ಅಲ್ಲಿ ಗಾಳಿ ಆಡುತ್ತಲೇ ಇರಬೇಕು. ಎದುರುಬದುರು ಕಿಟಕಿಗಳು ದಿನವಿಡೀ ತೆರೆದಿರಲಿ. ಗಾಳಿ ಬರುವ ಕಡೆ ಬೀರು ನಿಲ್ಲಿಸಿದ್ದರೆ, ಚಾರ್ಟು ಅಂಟಿಸಿ ಕಿಟಕಿ ಮುಚ್ಚಿದ್ದರೆ ಮೊದಲು ತೆಗೆಸಿ.

ಕಲ್ಯಾಣ ಕರ್ನಾಟಕದಲ್ಲಿ ಮಾರ್ಚ್–ಏಪ್ರಿಲ್‌ನ ಮಧ್ಯಾಹ್ನ ಹೊರಗೆ 40. ಆ ಗಾಳಿಯನ್ನು ಒಳಗೆ ಕರೆದು ಏನು ಲಾಭ? ಬೆಳಿಗ್ಗೆ ಬಂದ ಕೂಡಲೇ ಎಲ್ಲ ತೆರೆಯಿರಿ, ಹನ್ನೊಂದರ ಹೊತ್ತಿಗೆ ಬಿಸಿಲ ಕಡೆಯ ಬಾಗಿಲುಗಳನ್ನು ಮುಂದೆ ಮಾಡಿ. ಪೂರ್ತಿ ಮುಚ್ಚಬೇಡಿ, 40 ಮಕ್ಕಳು ಉಸಿರಾಡಬೇಕು. ಮೇಲಿನ ವೆಂಟಿಲೇಟರ್ ತೆರೆದಿರಲಿ.

ರಾತ್ರಿಯ ವಿಷಯ ಬಹಳ ಕಡೆ ಯಾರ ತಲೆಗೂ ಬರುವುದಿಲ್ಲ. ಬಯಲುಸೀಮೆಯ ರಾತ್ರಿ ಹೊರಗೆ 25ರ ಹತ್ತಿರ ಇಳಿದಿರುತ್ತದೆ. ನಾವು ಮಾತ್ರ ಸಂಜೆ ನಾಲ್ಕೂವರೆಗೆ, ಸ್ಲ್ಯಾಬ್ ಬಿಸಿ ಕಾರುತ್ತಿರುವಾಗಲೇ, ಎಲ್ಲ ಕಿಟಕಿ ಹಾಕಿ ಬೀಗ ಜಡಿದು ಹೋಗುತ್ತೇವೆ. ಆ ಬಿಸಿ ರಾತ್ರಿಯಿಡೀ ಒಳಗೇ ಕೂತು, ಮರುದಿನ ಬೆಳಿಗ್ಗೆ ಮಕ್ಕಳನ್ನು ಎದುರುಗೊಳ್ಳುತ್ತದೆ. ವೆಂಟಿಲೇಟರಿಗೆ ಗ್ರಿಲ್ಲು, ಸಣ್ಣ ಜಾಲರಿ ಹಾಕಿಸಿ ಬೇಸಿಗೆಯಲ್ಲಿ ರಾತ್ರಿಯೂ ತೆರೆದಿಡುವಂತೆ ಮಾಡಿದರೆ ಬೆಳಗಿನ ಎರಡು ಪೀರಿಯಡ್ ಬೇರೆಯೇ ಆಗುತ್ತವೆ. ಕಳ್ಳರ ಭಯ ನ್ಯಾಯವಾದದ್ದೇ. ಕಂಪ್ಯೂಟರ್ ಇರುವ ಕೋಣೆ ಬಿಟ್ಟು ಉಳಿದವುಗಳಿಗೆ ಮಾಡಿ.

ಕೂಲರ್: ಅರ್ಧ ರಾಜ್ಯಕ್ಕೆ ಮಾತ್ರ

ನೀರು ಆವಿಯಾಗುವಾಗ ಗಾಳಿಯ ಬಿಸಿ ಹೀರುತ್ತದೆ, ಕೂಲರಿನ ಕೆಲಸ ಇಷ್ಟೇ. ಗಾಳಿ ಎಷ್ಟು ಒಣಗಿದೆಯೋ ಅಷ್ಟು ತಂಪು. 40 ಡಿಗ್ರಿ, ತೇವ ಶೇ 20 ಇರುವ ರಾಯಚೂರಿನಂಥ ಮಧ್ಯಾಹ್ನದಲ್ಲಿ ಒಳ್ಳೆಯ ಕೂಲರ್ ಬಾಯಿಂದ 27ರ ಹತ್ತಿರದ ಗಾಳಿ ಬರುತ್ತದೆ. ಎಸಿಗೆ ಸೆಡ್ಡು ಹೊಡೆಯುವ ತಂಪು ಅದು. ಅದೇ ಕೂಲರನ್ನು 33 ಡಿಗ್ರಿ, ತೇವ ಶೇ 70 ಇರುವ ಮಂಗಳೂರಿಗೆ ಒಯ್ದರೆ ಮೂರು–ನಾಲ್ಕು ಡಿಗ್ರಿ ಇಳಿಯುತ್ತದೆ, ಜೊತೆಗೆ ಕೋಣೆ ಇನ್ನಷ್ಟು ಒದ್ದೆ. ಬೆವರು ಆರುವುದೇ ಇಲ್ಲ. ಕರಾವಳಿಗೆ ಕೂಲರ್ ಬೇಡ ಅಂತ ನೇರವಾಗಿ ಹೇಳಬಹುದು. ಬೆಂಗಳೂರು, ಮೈಸೂರಿನಲ್ಲಿ ಮಾರ್ಚ್‌ನಲ್ಲಿ ನಡೆಯುತ್ತದೆ, ಮುಂಗಾರು ಮೊದಲಿನ ಮಳೆ ಶುರುವಾದರೆ ಇಲ್ಲ.

ಒಣಸೀಮೆಯಲ್ಲೂ ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ್ದಿದೆ. ನೀರು ಎಲ್ಲಿದೆ? ದೊಡ್ಡ ಕೂಲರ್ ಒಣ ಬಿಸಿಲಿನಲ್ಲಿ ಗಂಟೆಗೆ ಹತ್ತು ಲೀಟರಿನಷ್ಟು ಕುಡಿಯುತ್ತದೆ. ಏಪ್ರಿಲ್‌ನಲ್ಲಿ ಟ್ಯಾಂಕರ್ ನೀರು ನಂಬಿದ ಊರಿನಲ್ಲಿ ಅದನ್ನು ಯಾರು ತುಂಬುತ್ತಾರೆ? ಟ್ಯಾಂಕನ್ನು ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜದಿದ್ದರೆ ಡೆಂಗಿ ಸೊಳ್ಳೆಗೆ ಅದೇ ಮನೆ. 2024ರ ಸೆಪ್ಟೆಂಬರ್‌ನಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಅಧಿಸೂಚನೆ ಹೊರಡಿಸಿತ್ತು, ನಿಂತ ನೀರನ್ನು ಹಾಗೇ ಬಿಟ್ಟವರಿಗೆ ದಂಡವೂ ಇದೆ. ತಗಡಿನ ಮೈಯ ಕೂಲರಿಗೆ ಅರ್ಥಿಂಗ್ ಸರಿ ಇಲ್ಲದಿದ್ದರೆ ಒದ್ದೆ ಕೈಯ ಮಗುವಿಗೆ ಶಾಕ್. ಪ್ಲಾಸ್ಟಿಕ್ ಮೈಯದನ್ನೇ ತನ್ನಿ. ಇನ್ನು ಸದ್ದು. ಹಿಂದಿನ ಬೆಂಚಿಗೆ ಟೀಚರ್ ದನಿ ಕೇಳದಿದ್ದರೆ ತಂಪಾಗಿ ಏನು ಬಂತು?

ಇಷ್ಟೆಲ್ಲಕ್ಕೂ ಉತ್ತರ ಇದ್ದರೆ ಕೂಲರನ್ನು ಕಿಟಕಿಯ ಹೊರಗೆ ಕೂರಿಸಿ, ಎದುರಿನ ಕಿಟಕಿ ತೆರೆದಿಡಿ. ಮುಚ್ಚಿದ ಕೋಣೆಯ ನಡುವೆ ಇಟ್ಟ ಕೂಲರ್ ಅರ್ಧ ಗಂಟೆಯಲ್ಲಿ ತೇವದ ಯಂತ್ರವಾಗುತ್ತದೆ.

ಎಸಿ ಯಾವಾಗ ಸರಿ

ಎಸಿ ಪರವಾಗಿ ಹೇಳಬಹುದಾದ ಗಟ್ಟಿ ಮಾತು ಒಂದಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರು ಕೋಟಿ ವಿದ್ಯಾರ್ಥಿಗಳ ಪರೀಕ್ಷೆಯ ಅಂಕಗಳನ್ನು ಹವಾಮಾನದ ಜೊತೆ ಹೊಂದಿಸಿ ನೋಡಿ 2020ರಲ್ಲಿ ಪ್ರಕಟಿಸಿದರು. ಎಸಿ ಇಲ್ಲದ ಶಾಲೆಗಳಲ್ಲಿ ಆ ವರ್ಷ ಒಂದು ಡಿಗ್ರಿ ಫ್ಯಾರನ್‌ಹೀಟ್ ಹೆಚ್ಚು ಬಿಸಿ ಇದ್ದರೆ ಕಲಿಕೆ ಶೇ 1ರಷ್ಟು ಕುಗ್ಗಿತ್ತು. ಎಸಿ ಇದ್ದ ಕಡೆ ಆ ನಷ್ಟ ಬಹುಮಟ್ಟಿಗೆ ಕಾಣಲಿಲ್ಲ. ಬಿಸಿ ಕಲಿಕೆಯನ್ನು ತಿನ್ನುತ್ತದೆ ಅನ್ನುವುದು ಇದರಿಂದ ಗಟ್ಟಿಯಾಗುತ್ತದೆ. ಆದರೆ ಅಲ್ಲಿನ ಶಾಲೆಯಲ್ಲಿ ಎಸಿಯ ಜೊತೆ ಹೊಸ ಗಾಳಿ ತರುವ ಕೊಳವೆಯೂ ಸಾಮಾನ್ಯವಾಗಿ ಇರುತ್ತದೆ. ನಾವು ಗೋಡೆಗೆ ಹಾಕಿಸುವ ಸ್ಪ್ಲಿಟ್ ಎಸಿ ಇರುವ ಗಾಳಿಯನ್ನೇ ತಿರುಗಿಸುತ್ತದೆ.

ಲೆಕ್ಕ ನೋಡಿ. 20ಕ್ಕೆ 25 ಅಡಿ, ಹತ್ತಡಿ ಎತ್ತರದ ಕೋಣೆ, 40 ಮಕ್ಕಳು, ಬಾಗಿಲು ಕಿಟಕಿ ಬಿಗಿ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ 420 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 420 ಪಾಲು) ಆಸುಪಾಸು. ಈ ಕೋಣೆಯಲ್ಲಿ ಅರ್ಧ ಗಂಟೆಯಲ್ಲೇ 2000ದ ಹತ್ತಿರ ಏರುತ್ತದೆ. ತಂಪಿನಲ್ಲೇ ತೂಕಡಿಕೆ. ಒಂದು ಮಗುವಿಗೆ ಶೀತ ಬಂದರೆ ಎಲ್ಲರಿಗೂ. ಅದಕ್ಕೆಂದು ಕಿಟಕಿ ತೆರೆದರೆ ಎಸಿ ಬೀದಿಗೆ.

ಒಂದೂವರೆ ಟನ್ನಿನ ಎಸಿ ಗರಿಷ್ಠ ಐದು ಕಿಲೋವ್ಯಾಟ್‌ನಷ್ಟು ಶಾಖ ಹೊರಹಾಕಬಲ್ಲದು. ಅದರಲ್ಲಿ ಅರ್ಧ ಮಕ್ಕಳ ಮೈಯದ್ದೇ ಆಯಿತು. ಕಾದ ತಾರಸಿಯೂ ಸೇರಿದರೆ ಒಂದು ಸಾಲದು, ಎರಡು ಬೇಕು. ಎರಡು ಎಸಿ ಅಂದರೆ ಮೂರು ಕಿಲೋವ್ಯಾಟ್ ಕರೆಂಟು, ಅದೇ ಕೋಣೆಯ ನಾಲ್ಕು ಬಿಎಲ್‌ಡಿಸಿ ಫ್ಯಾನಿನ 25 ಪಟ್ಟು. ಹತ್ತು ಕೋಣೆಗೆ 30 ಕಿಲೋವ್ಯಾಟ್. ಶಾಲೆಯ ಮಂಜೂರಾದ ಲೋಡ್ ಎಷ್ಟಿದೆ ಅಂತ ಮೀಟರ್ ಬಿಲ್ಲಿನಲ್ಲಿ ನೋಡಿ, ಮಾತು ಅಲ್ಲಿಗೇ ನಿಲ್ಲಬಹುದು.

ಹಾಗಂತ ಎಲ್ಲಿಯೂ ಬೇಡ ಅಂತಲ್ಲ. ಕಂಪ್ಯೂಟರ್ ಲ್ಯಾಬಿಗೆ ಸರಿ. ಬಿಸಿಲು ತಡೆಯದ ಕಾಯಿಲೆ ಇರುವ, ವಿಶೇಷ ಅಗತ್ಯದ ಮಕ್ಕಳ ಕೋಣೆಗೆ ಬೇಕೇ ಬೇಕು. ಮುಖ್ಯರಸ್ತೆಗೆ ತಾಗಿದ, ಹಾರ್ನಿನ ಸದ್ದಿಗೆ ಕಿಟಕಿ ತೆರೆಯಲಾಗದ ಬೆಂಗಳೂರಿನ ಶಾಲೆಗೂ ಸರಿ, ಎಕ್ಸಾಸ್ಟ್ ಮತ್ತು ಹೊಸ ಗಾಳಿಯ ದಾರಿ ಜೊತೆಗಿದ್ದರೆ. 26–27ಕ್ಕೆ ಇಟ್ಟು ಮೇಲೆ ಫ್ಯಾನು ನಿಧಾನ ಓಡಿಸಿ. 24ರ ಡಿಫಾಲ್ಟ್ ಅನ್ನು 2020ರಿಂದ ಕಡ್ಡಾಯ ಮಾಡಿದ್ದು ಅದಕ್ಕಿಂತ ಕೆಳಗೆ ಹೋಗಬೇಡಿ ಅನ್ನಲು, ಅಲ್ಲೇ ಇರಿ ಅನ್ನಲಲ್ಲ. "ಎಸಿ ಕ್ಲಾಸ್‌ರೂಮ್" ಅಂತ ಬ್ಯಾನರ್ ಹಾಕುವ ಶಾಲೆಗೆ ಮಗುವನ್ನು ಸೇರಿಸುವವರು ಒಂದೇ ಪ್ರಶ್ನೆ ಕೇಳಿ: ಹೊಸ ಗಾಳಿ ಎಲ್ಲಿಂದ ಬರುತ್ತದೆ?

ಹಣ ಕೇಳದ ಆಯ್ಕೆಗಳು

ಬೇಸಿಗೆಯಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳು, ವಿಜಯಪುರ, ಬಾಗಲಕೋಟೆಯ ಸರ್ಕಾರಿ ಕಚೇರಿಗಳು ಏಪ್ರಿಲ್–ಮೇನಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವುದು ಎಲ್ಲರಿಗೂ ಗೊತ್ತು. ಶನಿವಾರದ ಬೆಳಗಿನ ಶಾಲೆ ನಮಗೆ ಹೊಸದಲ್ಲ. ಇಲಾಖೆ ಒಪ್ಪಿದ ಕಡೆ ಬಿಸಿ ವಾರಗಳಲ್ಲಿ ಹಾಗೇ ನಡೆಸುವುದು ಯಾವ ಯಂತ್ರಕ್ಕಿಂತಲೂ ಮೇಲು. ಒಪ್ಪದಿದ್ದರೆ ವೇಳಾಪಟ್ಟಿಯನ್ನಾದರೂ ತಿರುಗಿಸಿ: ಗಣಿತ ಬೆಳಿಗ್ಗೆ ಇರಲಿ, ಮೇಲಂತಸ್ತಿನ ಕೋಣೆಗಳನ್ನು ಮಧ್ಯಾಹ್ನ ಖಾಲಿ ಬಿಟ್ಟು ಕೆಳಗಿನ ವರಾಂಡದಲ್ಲೋ ಮರದಡಿಯಲ್ಲೋ ಓದಿಸಿ.

ಟೈ, ಬೆಲ್ಟು, ನೈಲಾನ್ ಸಾಕ್ಸ್, ಬೂಟು ಈ ನಾಲ್ಕನ್ನು ಮಾರ್ಚ್‌ನಿಂದ ಬಿಡಿಸಿದರೆ ಮಗುವಿಗೆ ಒಂದು ಡಿಗ್ರಿ ಕಡಿಮೆಯಾದ ಹಾಗೆ. ಖಾಸಗಿ ಶಾಲೆಗಳು ಇದಕ್ಕೆ ಯಾಕೆ ಇಷ್ಟು ಹಿಂದೇಟು ಹಾಕುತ್ತವೋ ನನಗಂತೂ ಅರ್ಥವಾಗಿಲ್ಲ. ಮಕ್ಕಳಿಗೆ ನೀರು ಕುಡಿಯಲು ನೆನಪಿಸಲೆಂದೇ ಹೊಡೆಯುವ ನೀರಿನ ಗಂಟೆ ಕೂಡ ಒಳ್ಳೆಯ ಪದ್ಧತಿ. ಕೇರಳದ ಶಾಲೆಗಳಲ್ಲಿ 2019ರಲ್ಲಿ ಸುದ್ದಿಯಾಯಿತು, ಆಮೇಲೆ ನಮ್ಮಲ್ಲೂ ಬಂತು. ಶೌಚಾಲಯ ಸರಿ ಇಲ್ಲದ ಕಡೆ ಹೆಣ್ಣುಮಕ್ಕಳು ಗಂಟೆ ಹೊಡೆದರೂ ನೀರು ಕುಡಿಯುವುದಿಲ್ಲ, ಅದನ್ನು ಮೊದಲು ಸರಿಮಾಡಿ.

ಮರದ ಬಗ್ಗೆ ಎರಡೇ ಮಾತು. ಪಡುವಣ ಗೋಡೆಯ ಕಡೆ ಹೊಂಗೆ ಅಥವಾ ಬೇವು, ಗೋಡೆಯಿಂದ ಹದಿನೈದು ಅಡಿ ದೂರ. ನೆರಳು ಸಿಗಲು ಆರೇಳು ವರ್ಷ, ಹಾಗಾಗಿ ಈ ಮಳೆಗಾಲದಲ್ಲೇ ನೆಡಿ.

ಕೈಯಲ್ಲಿ ಇಷ್ಟೇ ಇದ್ದರೆ

ಹತ್ತು ಸಾವಿರ ಇದ್ದರೆ ತಾರಸಿಗೆ ಸುಣ್ಣ, ವೆಂಟಿಲೇಟರಿಗೆ ಜಾಲರಿ. ಐವತ್ತು ಸಾವಿರ ಇದ್ದರೆ ಅದರ ಜೊತೆ ಹತ್ತು–ಹನ್ನೆರಡು ಬಿಎಲ್‌ಡಿಸಿ ಫ್ಯಾನು, ವೈರಿಂಗ್ ರಿಪೇರಿ. ಎರಡು–ಮೂರು ಲಕ್ಷ ಕೂಡಿದರೆ ಸುಣ್ಣದ ಬದಲು ಸೋರಿಕೆ ತಡೆಯುವ ಬಿಳಿ ಪೇಂಟು, ಎಲ್ಲ ಕೋಣೆಗೂ ನಾಲ್ಕು ನಾಲ್ಕು ಫ್ಯಾನು, ಒಣಸೀಮೆಯಾದರೆ ಪರೀಕ್ಷೆ ನಡೆಯುವ ಹಾಲಿಗೆ ಎರಡು ಕೂಲರ್. ಅದಕ್ಕೂ ಮೇಲೆ ಹಣ ಬಂದರೆ ಸೋಲಾರ್. ಎಸಿ ಈ ಪಟ್ಟಿಯಲ್ಲಿ ಅದಾದ ಮೇಲೆ.

ಕೊಡಗು, ಚಿಕ್ಕಮಗಳೂರು, ತೀರ್ಥಹಳ್ಳಿಯ ಕಡೆಯವರು ಇದನ್ನೆಲ್ಲ ಹಾಗೇ ಹಿಡಿಯಬೇಕಿಲ್ಲ. ಅಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಮಕ್ಕಳನ್ನು ಕಾಡುವುದು ಒದ್ದೆ ಬಟ್ಟೆ, ಎರಚಲು, ಕತ್ತಲೆ ಕೋಣೆ. ಅವರ ಹಣ ಕಿಟಕಿಯ ಮೇಲಿನ ಸಜ್ಜಾಕ್ಕೆ, ಛತ್ರಿ–ರೇನ್‌ಕೋಟ್ ಒಣಗಿಸುವ ಜಾಗಕ್ಕೆ, ಒಳ್ಳೆಯ ದೀಪಕ್ಕೆ ಹೋಗಲಿ.

ತಾರಸಿ ಕೆಲಸವನ್ನು ಫೆಬ್ರುವರಿಯಲ್ಲಿ ಮುಗಿಸಿ, ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮಾರ್ಚ್‌ನಲ್ಲೇ ಶುರುವಾಗುತ್ತದೆ. ಬಿರುಕು ಮುಚ್ಚಿಸುವುದನ್ನು ಅದಕ್ಕೂ ಮೊದಲೇ, ದಸರಾ ರಜೆ ಕಳೆದು ಮಳೆ ನಿಂತ ಮೇಲೆ ಮಾಡಿಸಿ. ಬಿಳಿ ತಾರಸಿ ಧೂಳು ಹಿಡಿದರೆ ಅರ್ಧ ಗುಣ ಕಳೆದುಕೊಳ್ಳುತ್ತದೆ. ವರ್ಷಕ್ಕೊಮ್ಮೆ ತೊಳೆಯುವುದು ಯಾರ ಕೆಲಸ, ಏಣಿ ಎಲ್ಲಿರುತ್ತದೆ ಅನ್ನುವುದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯ ನಡಾವಳಿಯಲ್ಲಿ ಬರೆಸಿಡಿ. ಮಕ್ಕಳನ್ನು ಮಾತ್ರ ಮೇಲೆ ಹತ್ತಿಸಬೇಡಿ.